ಯಾವ ಕಾಯ್ದೆಯ ಕುಟುಂಬ, ಯಾವ ಕಾಯ್ದೆಯ ಕಬ್ಜಾ?

ಕೃಷ್ಣೆಯ ದಂಡೆಯ ಊರುಗಳಲ್ಲಿ ‘ಐತೀರ್ಪು’ (ಅವಾರ್ಡ್) ಎಂಬ ಮಾತು ಕಿವಿಗೆ ಬೀಳದ ದಿನವಿಲ್ಲ. ಬಾಗಲಕೋಟೆಯ ಚಹಾದಂಗಡಿ ಕಟ್ಟೆಯ ಮೇಲೆ ಅದು ಕೃಷ್ಣಾ ನ್ಯಾಯಮಂಡಳಿಯ ಐತೀರ್ಪು. 2010ರ ಡಿಸೆಂಬರ್ 30ರಂದು ಬಂದದ್ದು, ಆಲಮಟ್ಟಿಯ ನೀರನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದ್ದು. ಅಲ್ಲಿಂದ ಎದ್ದು ಭೂಸ್ವಾಧೀನ ಕಚೇರಿಗೆ ಹೋದರೆ, ಎಕರೆಗೆ ಇಷ್ಟು ಎಂದು ಬರೆದು ಅಧಿಕಾರಿ ಸಹಿ ಹಾಕಿದ ಕಾಗದವೇ ಐತೀರ್ಪು. ಬೆಳಗಾವಿಯಲ್ಲಿ ಹೆದ್ದಾರಿ ಬೈಪಾಸಿಗೆ ಹೊಲ ಕಳೆದುಕೊಂಡವರ ಕೈಯಲ್ಲಿರುವುದೂ ಐತೀರ್ಪೇ. ಹೆಸರು ಒಂದಾದರೂ ಮೂರಕ್ಕೂ ಹೋಗುವ ಬಾಗಿಲು ಬೇರೆ ಬೇರೆ.

ಮೊದಲನೆಯದು ರಾಜ್ಯ ರಾಜ್ಯಗಳ ನಡುವಿನದು. 1956ರ ಅಂತರರಾಜ್ಯ ಜಲವಿವಾದ ಕಾಯ್ದೆ ಅದನ್ನು ನ್ಯಾಯಮಂಡಳಿಯ ‘ತೀರ್ಮಾನ’ ಎನ್ನುತ್ತದೆ. ಐತೀರ್ಪು ಎನ್ನುವುದು ಪತ್ರಿಕೆಗಳು ರೂಢಿಸಿದ ಹೆಸರು. ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾದ ಮೇಲೆ ಅದಕ್ಕೆ ಸುಪ್ರೀಂ ಕೋರ್ಟಿನ ಆದೇಶದಷ್ಟೇ ಬಲ. 2011ರಲ್ಲಿ ಸುಪ್ರೀಂ ಕೋರ್ಟೇ ಪ್ರಕಟಣೆಗೆ ತಡೆ ಹಾಕಿತು, ಅದು ವರ್ಷಗಟ್ಟಲೆ ಹಾಗೇ ನಿಂತಿತು. ಎರಡನೆಯದು 2013ರ ಭೂಸ್ವಾಧೀನ ಕಾಯ್ದೆಯ ಐತೀರ್ಪು. ದರ ಒಪ್ಪಿಗೆಯಾಗದಿದ್ದರೆ ಹೆಚ್ಚಿನ ಪರಿಹಾರ ಕೇಳುವ ಅರ್ಜಿಯನ್ನು 64ನೇ ಕಲಮಿನಡಿ ಹಾಕಬೇಕು. ಐತೀರ್ಪು ಕೊಟ್ಟ ದಿನ ನೀವು ಎದುರಿಗೇ ಇದ್ದರೆ 6 ವಾರ. ಇಲ್ಲದಿದ್ದರೆ ನೋಟಿಸು ಮುಟ್ಟಿ 6 ವಾರ ಅಥವಾ ಐತೀರ್ಪಿನ ದಿನದಿಂದ 6 ತಿಂಗಳು, ಯಾವುದು ಮೊದಲೋ ಅದು. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಇನ್ನೊಂದು ವರ್ಷದೊಳಗೆ ಅರ್ಜಿ ತೆಗೆದುಕೊಳ್ಳುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಮೂರನೆಯದು, ಹೆದ್ದಾರಿಯದು, 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯದು. ಅಲ್ಲಿ 64ನೇ ಕಲಂ ನಡೆಯುವುದಿಲ್ಲ. ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಅವರು ಕೊಡುವುದಕ್ಕೂ ಐತೀರ್ಪು ಎಂದೇ ಹೆಸರು! ಅದನ್ನು ಜಿಲ್ಲಾ ನ್ಯಾಯಾಲಯದಲ್ಲಿ ಪ್ರಶ್ನಿಸಲು 3 ತಿಂಗಳು, ಮೇಲೆ ಹೆಚ್ಚೆಂದರೆ 30 ದಿನ. ಬೆಳಗಾವಿಯ ರೈತರೊಬ್ಬರು ಬಾಗಲಕೋಟೆಯ ಬೀಗರನ್ನು ಕೇಳಿಕೊಂಡು ಅರ್ಜಿ ಬರೆಸಿದರೆ ತಪ್ಪು ಬಾಗಿಲಲ್ಲಿ ಕಾಯುತ್ತಲೇ ಅವಧಿ ಮುಗಿದಿರುತ್ತದೆ.

ಇದರ ಜೊತೆಗೆ ‘ಒಪ್ಪಂದದ ಐತೀರ್ಪು’ ಬೇರೆ ಇದೆ. 2013ರ ಕಾಯ್ದೆಗೆ ರಾಜ್ಯ 2019ರ ತಿದ್ದುಪಡಿಯಲ್ಲಿ, ಒಪ್ಪಿದ ದರಕ್ಕೇ ಐತೀರ್ಪು ಕೊಡುವ 23-ಎ ಕಲಂ ಸೇರಿಸಿತು. ಕೃಷ್ಣಾ ಮೇಲ್ದಂಡೆ 3ನೇ ಹಂತದ ಮುಳುಗಡೆ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಘೋಷಿಸಿದ ದರ, ನೀರಾವರಿಗೆ ಎಕರೆಗೆ 40 ಲಕ್ಷ ಮತ್ತು ಒಣಬೇಸಾಯಕ್ಕೆ 30 ಲಕ್ಷ, ಈ ಒಪ್ಪಿಗೆಯ ದಾರಿಯದು. ಒಪ್ಪಿ ಸಹಿ ಹಾಕಿದ ಮೇಲೆ ‘ಕಡಿಮೆಯಾಯಿತು’ ಎಂದು 64ನೇ ಕಲಮಿನಡಿ ಹೋಗಲು ಬರುವುದಿಲ್ಲ, ಏಕೆಂದರೆ ಆ ಕಲಂ ಇರುವುದೇ ಐತೀರ್ಪನ್ನು ಒಪ್ಪಿಕೊಳ್ಳದವರಿಗೆ.

ಹೀಗಾಗುವುದಕ್ಕೆ ಕಾರಣ ಸರಳ. ನಾವು ಪದದ ಅರ್ಥ ಪದದೊಳಗೇ ಇದೆ ಎಂದುಕೊಳ್ಳುತ್ತೇವೆ, ಕಾನೂನು ಹಾಗೆ ನೋಡುವುದಿಲ್ಲ. ಬಹುತೇಕ ಎಲ್ಲ ಕಾಯ್ದೆಗಳ ಎರಡನೇ ಅಥವಾ ಮೂರನೇ ಕಲಂ ಪರಿಭಾಷೆಯದು. ಅದು ಶುರುವಾಗುವುದೇ ‘ಈ ಕಾಯ್ದೆಯಲ್ಲಿ, ಸಂದರ್ಭಕ್ಕೆ ಬೇರೆ ಅರ್ಥ ಬೇಕಾಗದ ಹೊರತು’ ಎಂದು. ಅಂದರೆ ಆ ಅರ್ಥ ಆ ಕಾಯ್ದೆಯ ಗಡಿಯೊಳಗೆ ಮಾತ್ರ ಚಲಾವಣೆಯ ನಾಣ್ಯ. ಇನ್ನೊಂದು ಸೂಕ್ಷ್ಮವಿದೆ: ‘ಕುಟುಂಬ ಎಂದರೆ ಇಂಥಿಂಥವರು’ ಎಂದಿದ್ದರೆ ಪಟ್ಟಿ ಅಲ್ಲಿಗೇ ಮುಗಿಯಿತು, ‘ಕುಟುಂಬವು ಇಂಥಿಂಥವರನ್ನು ಒಳಗೊಳ್ಳುತ್ತದೆ’ ಎಂದಿದ್ದರೆ ಪಟ್ಟಿಯ ಹೊರಗೂ ವಾದಕ್ಕೆ ಜಾಗವಿದೆ. ಓದುವಾಗ ಕಣ್ಣು ಮೊದಲು ಹೋಗಬೇಕಾದದ್ದು ಈ ಕ್ರಿಯಾಪದಕ್ಕೆ.

ಕನ್ನಡದಲ್ಲಿ ಓದುವವರಿಗೆ ಇನ್ನೂ ಒಂದು ತೊಡಕು. ‘ಸ್ವಾಧೀನ’ ಎಂಬ ಒಂದೇ ಪದವನ್ನು ನಾವು ಅನುಭವದಲ್ಲಿ ಇಟ್ಟುಕೊಳ್ಳುವುದಕ್ಕೂ ಬಳಸುತ್ತೇವೆ, ಸರ್ಕಾರ ಜಮೀನು ಪಡೆದುಕೊಳ್ಳುವುದಕ್ಕೂ ಬಳಸುತ್ತೇವೆ. ಸಂವಿಧಾನದ 348ನೇ ವಿಧಿಯ ಪ್ರಕಾರ ಕೊನೆಗೆ ಇಂಗ್ಲಿಷ್ ಪಠ್ಯವೇ ಅಧಿಕೃತ. ಕನ್ನಡ ಪ್ರತಿ ತಿಳಿದುಕೊಳ್ಳಲು ಸಾಕು. ತಕರಾರು ಎದ್ದಾಗ ಎರಡನ್ನೂ ಎದುರುಬದುರು ಇಟ್ಟು ನೋಡಬೇಕು.

ಒಂದು ಮನೆ, ನಾಲ್ಕು ಕುಟುಂಬ

ಲೆಕ್ಕಕ್ಕೆ ಒಂದು ಮನೆ ತೆಗೆದುಕೊಳ್ಳೋಣ. ಯಜಮಾನ, ಅವನ ಹೆಂಡತಿ, 30 ವರ್ಷದ ಮಗ, ಸೊಸೆ, 24 ವರ್ಷದ ಮದುವೆಯಾಗದ ಮಗಳು, 16 ವರ್ಷದ ಕಿರಿಮಗ, ವಿಧವೆ ತಾಯಿ. ಏಳು ಮಂದಿ, ಒಲೆ ಒಂದೇ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಯಜಮಾನನದು ಮಾತ್ರ.

2013ರ ಭೂಸ್ವಾಧೀನ ಕಾಯ್ದೆಯ 3ನೇ ಕಲಂ ಹಿಡಿದು ಎಣಿಸಿದರೆ ಇಲ್ಲಿ ನಾಲ್ಕು ಕುಟುಂಬ. ಗಂಡ ಹೆಂಡತಿ ಮತ್ತು 16ರ ಮಗ ಸೇರಿ ಒಂದು. 18 ದಾಟಿದ ಪ್ರತಿಯೊಬ್ಬರೂ, ಗಂಡಾಗಲಿ ಹೆಣ್ಣಾಗಲಿ, ಮದುವೆ ಆಗಿರಲಿ ಬಿಡಲಿ, ಪ್ರತ್ಯೇಕ ಕುಟುಂಬ. ಹಾಗಾಗಿ ಮಗ ಸೊಸೆ ಒಂದು, ಮಗಳು ಒಬ್ಬಳೇ ಒಂದು. ವಿಧವೆಯರು, ವಿಚ್ಛೇದಿತೆಯರು, ಮನೆಯವರು ಕೈಬಿಟ್ಟ ಹೆಂಗಸರು ಬೇರೆ ಕುಟುಂಬವೆಂದು ಕಾಯ್ದೆಯೇ ಹೇಳುವುದರಿಂದ ತಾಯಿ ಇನ್ನೊಂದು.

ಅದೇ ಮನೆಯನ್ನು 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ ಕಣ್ಣಲ್ಲಿ ನೋಡಿ. ಅಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಅಪ್ರಾಪ್ತ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು. 24ರ ಮಗಳು ಇಲ್ಲಿ ಅಪ್ಪನ ಕುಟುಂಬದೊಳಗೇ. ಜಮೀನಿನ ಮಿತಿ ಲೆಕ್ಕ ಹಾಕುವಾಗ ಅಪ್ಪನ ಹೊಲದ ಜೊತೆ ಅವಳ ಹೆಸರಿನ ಹೊಲವೂ ಸೇರುತ್ತದೆ. ಪುನರ್ವಸತಿಯಲ್ಲಿ ಮಾತ್ರ ಅವಳು ಸ್ವತಂತ್ರಳು. ಪಿಎಂ ಕಿಸಾನ್‌ಗೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಅಷ್ಟೇ ಕುಟುಂಬ. 2005ರ ಉದ್ಯೋಗ ಖಾತ್ರಿ ಕಾಯ್ದೆ ಒಲೆಯನ್ನೇ ಅಳತೆಗೋಲು ಮಾಡಿಕೊಂಡಿತ್ತು: ರಕ್ತಸಂಬಂಧ, ಮದುವೆ ಅಥವಾ ದತ್ತಕದಿಂದ ಸೇರಿದವರು, ಒಟ್ಟಿಗೆ ಇದ್ದು ಒಟ್ಟಿಗೆ ಉಣ್ಣುವವರು ಅಥವಾ ಒಂದೇ ರೇಷನ್ ಕಾರ್ಡಿನವರು. ಅದರ ಪ್ರಕಾರ ಏಳೂ ಮಂದಿ ಒಂದೇ ಮನೆ. ಆಹಾರ ಭದ್ರತಾ ಕಾಯ್ದೆಯಲ್ಲಿ 18 ದಾಟಿದ ಹಿರಿಯ ಹೆಂಗಸೇ ಮನೆಯ ಯಜಮಾನಿ, ಉತಾರದ ಯಜಮಾನ ಅಲ್ಲಿ ಬರೀ ಒಬ್ಬ ಸದಸ್ಯ. ಆದಾಯ ತೆರಿಗೆಗೆ ಬಂದರೆ, ಹಿಂದೂ ಅವಿಭಕ್ತ ಕುಟುಂಬ ಎನ್ನುವುದು ಬೇರೆ ಪ್ಯಾನ್ ಕಾರ್ಡಿರುವ ಬೇರೆಯೇ ಒಬ್ಬ ‘ವ್ಯಕ್ತಿ’!

ಕಾಯ್ದೆ ಬರೆದವರಿಗೆ ತಲೆ ಕೆಟ್ಟಿತ್ತೆಂದೇನಲ್ಲ. ಮಿತಿ ಹಾಕುವ ಕಾಯ್ದೆಗೆ, ಮನೆಯವರ ಹೆಸರಿಗೆ ಜಮೀನು ಹಂಚಿ ತಪ್ಪಿಸಿಕೊಳ್ಳದಿರಲಿ ಎಂಬ ಚಿಂತೆ, ಅದಕ್ಕೆ ಬಲೆ ಅಗಲ. ಪುನರ್ವಸತಿಯ ಕಾಯ್ದೆಗೆ, ಊರು ಬಿಟ್ಟು ಹೋಗುವವರಲ್ಲಿ ಯಾರೂ ಲೆಕ್ಕದಿಂದ ಬಿಟ್ಟುಹೋಗದಿರಲಿ ಎಂಬ ಚಿಂತೆ, ಅದಕ್ಕೆ ತುಂಡು ಸಣ್ಣದು. ಈ ಉದ್ದೇಶ ಹಿಡಿದರೆ ಅರ್ಥ ತಾನಾಗಿ ಸಿಗುತ್ತದೆ.

ಹಣದ ವ್ಯತ್ಯಾಸ ಸಣ್ಣದಲ್ಲ. 2013ರ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಕುಟುಂಬಕ್ಕೆ ಉದ್ಯೋಗ, ಇಲ್ಲವೇ ಒಂದೇ ಗಂಟಿನಲ್ಲಿ 5 ಲಕ್ಷ ರೂಪಾಯಿ, ಇಲ್ಲವೇ 20 ವರ್ಷ ತಿಂಗಳಿಗೆ 2,000. ಮೇಲೆ ಸಾಗಾಟಕ್ಕೆ 50,000, ಪುನರ್ವಸತಿ ಭತ್ಯೆ 50,000. ಸಮೀಕ್ಷೆಗೆ ಬಂದವರು ‘ಕುಟುಂಬ ಎಷ್ಟ್ರೀ?’ ಎಂದಾಗ ರೇಷನ್ ಕಾರ್ಡ್ ತೋರಿಸಿ ‘ಒಂದ’ ಎಂದುಬಿಟ್ಟರೆ ಮೂರು ಕುಟುಂಬ ಅಲ್ಲೇ ಅಳಿಸಿದಂತೆ. ಇದಕ್ಕಾಗಿ ರೇಷನ್ ಕಾರ್ಡ್ ಒಡೆಯುವ ಗಡಿಬಿಡಿ ಬೇಕಿಲ್ಲ. ಬೇಕಾದದ್ದು ವಯಸ್ಸಿನ ದಾಖಲೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಾದರೆ ಗಟ್ಟಿ, ಮತ್ತು ವಿಧವೆ ತಾಯಿಯ ವಿಷಯದಲ್ಲಿ ಗಂಡನ ಮರಣಪತ್ರ.

ಆದರೂ ಇಲ್ಲೊಂದು ಎಚ್ಚರಿಕೆ. ‘ಪ್ರತ್ಯೇಕ ಕುಟುಂಬ’ ಎನಿಸಿಕೊಂಡ ಮಾತ್ರಕ್ಕೆ ಎಲ್ಲ ಸಿಕ್ಕಂತಲ್ಲ, ‘ಬಾಧಿತ ಕುಟುಂಬ’ ಎಂಬ ಎರಡನೇ ಹೊಸ್ತಿಲು ದಾಟಬೇಕು. ಬಾಧಿತ ಎಂದರೆ ಜಮೀನೋ ಮನೆಯೋ ಹೋದವರು, ಅಥವಾ ಜಮೀನಿಲ್ಲದಿದ್ದರೂ ಅದರ ಮೇಲೆ ಹೊಟ್ಟೆಪಾಡು ಇದ್ದವರು. ಈ ಎರಡನೇ ಗುಂಪಿನಲ್ಲಿ ಕೃಷಿ ಕೂಲಿಗಳು, ಪಾಲಿನ ಮೇಲೆ ಬಿತ್ತುವವರು, ಗೇಣಿದಾರರು ಎಲ್ಲ ಬರುತ್ತಾರೆ; ಸ್ವಾಧೀನಕ್ಕೆ ಹಿಂದಿನ 3 ವರ್ಷ ಅಲ್ಲಿ ದುಡಿದಿರಬೇಕು ಅಷ್ಟೇ. ಈಗ ಭೂಸುಧಾರಣಾ ಕಾಯ್ದೆಯ 5ನೇ ಕಲಂ ತೆಗೆಯಿರಿ: 1974ರ ಮಾರ್ಚ್ 1ರ ನಂತರ, ಕೆಲವೇ ವಿನಾಯಿತಿ ಬಿಟ್ಟರೆ, ಹೊಲ ಲಾವಣಿಗೆ, ಅಂದರೆ ಗೇಣಿಗೆ, ಕೊಡುವಂತೆಯೇ ಇಲ್ಲ. ಒಂದು ಕಾಯ್ದೆಯಲ್ಲಿ ಇರಲೇಬಾರದ ಮನುಷ್ಯ ಇನ್ನೊಂದರಲ್ಲಿ ಹಕ್ಕುದಾರ. ಲಾವಣಿ ನಿಷಿದ್ಧವಾದ್ದರಿಂದ ಯಾರೂ ಕಾಗದ ಮಾಡಿಕೊಂಡಿರುವುದಿಲ್ಲ. ಕಾಗದವಿಲ್ಲದ್ದರಿಂದ ಪುನರ್ವಸತಿ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಮುಳುಗಡೆ ಹಳ್ಳಿಗಳಲ್ಲಿ ಹೆಚ್ಚು ಅನ್ಯಾಯವಾಗುವುದು ಇಲ್ಲಿಯೇ, ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ. ಉತಾರದ 9ನೇ ಕಾಲಮ್ಮಿನಲ್ಲಿ ಕಬ್ಜೆದಾರನ ಹೆಸರಿದ್ದರೆ, ಉಳುವವನ ಮತ್ತು ಬೆಳೆಯ ವಿವರ 12ನೇ ಕಾಲಮ್ಮಿನಲ್ಲಿ ಇರುತ್ತದೆ. ಅಲ್ಲಿ ಹೆಸರಿಲ್ಲದವರಿಗೆ ಸೊಸೈಟಿಯ ರಸಗೊಬ್ಬರದ ಪಾವತಿ, ಕಾರ್ಖಾನೆಯ ಕಬ್ಬಿನ ತೂಕದ ಚೀಟಿ, ಪಕ್ಕದ ಹೊಲದವರ ಹೇಳಿಕೆ, ಇವೇ ಆಧಾರ.

ಹೆಣ್ಣುಮಕ್ಕಳ ಮಾತು ಬೇರೆ. ಉತಾರದಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಇದ್ದರೂ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮತ್ತು ಅದನ್ನು ವಿವರಿಸಿದ 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಪಿತ್ರಾರ್ಜಿತದಲ್ಲಿ ಮಗಳು ಹುಟ್ಟಿನಿಂದಲೇ ಪಾಲುದಾರಳು, ಮದುವೆಯಾಗಿರಲಿ ಇಲ್ಲದಿರಲಿ. ಪರಿಹಾರದ ಕಾಯ್ದೆ ‘ಭೂಮಾಲೀಕ’ ಎನ್ನುವಾಗ ದಾಖಲೆಯ ಹೆಸರು ನೋಡುತ್ತದೆ, ‘ಹಿತಾಸಕ್ತಿಯುಳ್ಳ ವ್ಯಕ್ತಿ’ ಎನ್ನುವಾಗ ಹಣದಲ್ಲಿ ಪಾಲು ಕೇಳುವ ಎಲ್ಲರನ್ನೂ ನೋಡುತ್ತದೆ. ಕೊಟ್ಟ ಮನೆಯಿಂದ ತಂಗಿಯ ತಕರಾರು ಅರ್ಜಿ ಬಂದರೆ ಹಣ ಅಣ್ಣನ ಖಾತೆಗೆ ಬಾರದೆ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ, ವಾಟ್ನಿ (ಪಾಲು ವಿಭಜನೆ) ದಾವೆ ಮುಗಿಯುವತನಕ ಅಲ್ಲೇ ಇರುತ್ತದೆ. ನೋಟಿಸು ಬರುವ ಮೊದಲೇ ವಾರಸಾ, ಅಂದರೆ ವಾರಸುದಾರರ ಹೆಸರಿನ ದಾಖಲೆ, ಸರಿಯಾಗಿ ಮಾಡಿಸುವುದು ಅಗ್ಗ.

ಕಬ್ಜಾ ಎಂಬ ಎರಡಕ್ಷರದ ಬೆಲೆ

ಮುಂಗಡ ಕೊಟ್ಟು ಖರೀದಿಗೆ ಮಾಡಿಕೊಳ್ಳುವ ಇಸಾರ ಪತ್ರ ಬರೆಸುವಾಗ ನಮ್ಮ ಕಡೆ ಬಾಂಡ್ ಬರೆಯುವವರು ರೂಢಿಯಿಂದ ಒಂದು ಸಾಲು ಸೇರಿಸಿಬಿಡುತ್ತಾರೆ: ‘ಸದರಿ ಜಮೀನಿನ ಕಬ್ಜಾ ಈ ದಿನವೇ ನಿಮ್ಮ ತಾಬಾಕ್ಕೆ ಕೊಟ್ಟಿರುತ್ತೇನೆ.’ ಕಬ್ಜಾ ಎಂದರೆ ಜಮೀನು ಕೈವಶದಲ್ಲಿರುವುದು. ಕೊಳ್ಳುವವನಿಗೆ ಅದು ಧೈರ್ಯದ ಸಾಲು. ಆ ಸಾಲಿನಿಂದ ಏನೇನು ಆಗುತ್ತದೆ ನೋಡಿ.

ಕರ್ನಾಟಕ ಮುದ್ರಾಂಕ ಕಾಯ್ದೆಯ ಪ್ರಕಾರ ಕಬ್ಜಾ ಕೊಟ್ಟ ಇಸಾರ ಪತ್ರಕ್ಕೆ ಖರೀದಿ ಪತ್ರದಷ್ಟೇ ಶುಲ್ಕ. ಬರೆದದ್ದು 500 ರೂಪಾಯಿಯ ಕಾಗದದ ಮೇಲೆ. ಮುಂದೆ ಮಾರಿದವನು ತಿರುಗಿಬಿದ್ದು ದಾವೆ ಹೂಡಬೇಕಾದಾಗ ಆ ಪತ್ರ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಕಡಿಮೆ ಬಿದ್ದ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕು. 50,000 ಕಡಿಮೆ ಬಿದ್ದಿದ್ದರೆ ಒಟ್ಟು 5,50,000. ಕೋರ್ಟಿಗೆ ಕನಿಕರ ಬಂದರೂ ಇಳಿಸಲು ಬರುವುದಿಲ್ಲ. 34ನೇ ಕಲಂ ಅವರ ಕೈ ಕಟ್ಟಿದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಜಿಲ್ಲಾ ನೋಂದಣಾಧಿಕಾರಿಗೆ ಮಾತ್ರ ದಂಡ ಇಳಿಸುವ ಅಧಿಕಾರವಿದೆ. ಆದ್ದರಿಂದ ಪತ್ರವನ್ನು ಸಾಕ್ಷ್ಯಕ್ಕೆ ಹಾಜರುಪಡಿಸುವ ಹಂತದಲ್ಲೇ ಅದನ್ನು ಅವರಿಗೆ ಕಳಿಸಿಕೊಡಿ ಎಂದು ಕೇಳಬೇಕು. ಈ ಒಂದು ಅರ್ಜಿ ಹಾಕದೆ ಕೋರ್ಟಿನಲ್ಲೇ ಹತ್ತು ಪಟ್ಟು ಕಟ್ಟುವವರು ಕಡಿಮೆಯಿಲ್ಲ.

ಸರಿ, ದುಬಾರಿಯಾದರೂ ಕಬ್ಜಾ ರಕ್ಷಣೆ ಕೊಡುತ್ತದಲ್ಲ? ಅದೂ ಅನುಮಾನ. ಆಸ್ತಿ ವರ್ಗಾವಣೆ ಕಾಯ್ದೆಯ 53-ಎ ಕಲಂ ಕೊಡುತ್ತಿದ್ದ ಗುರಾಣಿ, 2001ರ ಸೆಪ್ಟೆಂಬರ್ 24ರ ನಂತರ ನೋಂದಣಿಯಾದ ಕರಾರಿಗೆ ಮಾತ್ರ. ನೋಂದಣಿ ಮಾಡಿಸಿದರೆ ಆದಾಯ ತೆರಿಗೆ ಕಾಯ್ದೆ ಎದ್ದು ನಿಲ್ಲುತ್ತದೆ: ಹಾಗೆ ಕಬ್ಜಾ ಕೊಟ್ಟರೆ ಅಂದೇ ‘ವರ್ಗಾವಣೆ’ ಆಯಿತು, ಜಮೀನು ತೆರಿಗೆಗೆ ಒಳಪಡುವಂಥದ್ದಾದರೆ ಮಾರಿದವನ ಲಾಭ ಆ ವರ್ಷದ್ದೇ, ಖರೀದಿ ಪತ್ರ ಮೂರು ವರ್ಷ ಬಿಟ್ಟು ಆದರೂ.

ಸಿವಿಲ್ ಕೋರ್ಟಿನಲ್ಲಿ ಕಬ್ಜಾ ಅಂದರೆ ಕಾಲ. ಬಲವಂತದಿಂದ ಹೊರಹಾಕಿದರೆ, ಮಾಲೀಕತ್ವದ ಮಾತೆತ್ತದೆ ಮರಳಿ ಕಬ್ಜಾ ಕೇಳಲು 6 ತಿಂಗಳು. ಮಾಲೀಕನ ಒಪ್ಪಿಗೆಯಿಲ್ಲದೆ ಬಹಿರಂಗವಾಗಿ ಹಿಡಿದ ‘ವಿರೋಧದ ಕಬ್ಜಾ’ಕ್ಕೆ 12 ವರ್ಷ, ಸರ್ಕಾರದ ಜಮೀನಾದರೆ 30. ಆದರೆ ಲಾವಣಿ ಮಾಡುವವನೋ ಮನೆಯಳಿಯನೋ ಒಪ್ಪಿಗೆಯಿಂದ 40 ವರ್ಷ ಉತ್ತರೂ ಅದು ವಿರೋಧದ ಕಬ್ಜಾ ಆಗುವುದಿಲ್ಲ. ಬದುವಿನ ಜಗಳ ಹೊಡೆದಾಟಕ್ಕೆ ಬಂದು ತಾಲ್ಲೂಕು ದಂಡಾಧಿಕಾರಿಯ ಮುಂದೆ ಹೋದರೆ ಕಬ್ಜಾ ಮತ್ತೆ ಬೇರೆ. ನಾಗರಿಕ ಸುರಕ್ಷಾ ಸಂಹಿತೆಯ 164ನೇ ಕಲಂ, ಹಳೆಯ ಸಿಆರ್‌ಪಿಸಿಯ 145, ಹೊಲ ಯಾರದೆಂದು ಕೇಳುವುದೇ ಇಲ್ಲ. ವರದಿಗೆ ಹಿಂದಿನ 2 ತಿಂಗಳೊಳಗೆ ನಿಜವಾಗಿ ಯಾರ ಕೈಯಲ್ಲಿತ್ತು ಅಷ್ಟೇ ನೋಡುತ್ತದೆ. ಅಲ್ಲಿ ಗೆದ್ದ ಆದೇಶ ಹಿಡಿದು ‘ಹೊಲ ನಮ್ಮದಾತು’ ಎಂದು ಹಬ್ಬ ಮಾಡುವುದು ದುಡುಕು. ಮಾದಕವಸ್ತು ಪ್ರಕರಣದಲ್ಲಂತೂ ಕಬ್ಜಾದೊಳಗೆ ಮನಸ್ಸೂ ಸೇರಿದೆ: ವಸ್ತು ಇದೆಯೆಂಬ ಅರಿವಿಲ್ಲದೆ ಅದು ಕಬ್ಜಾ ಅಲ್ಲ, ಆದರೆ ಅರಿವಿರಲಿಲ್ಲ ಎಂದು ತೋರಿಸುವ ಹೊಣೆ ಆರೋಪಿಯ ತಲೆಗೇ ಬರುತ್ತದೆ.

ಮುಳುಗಡೆಯವರಿಗೆ ಮುಖ್ಯವಾದದ್ದು ಪಂಚನಾಮೆಯ ಕಬ್ಜಾ. ಸರ್ಕಾರ ಹೊಲಕ್ಕೆ ಬಂದು ಬೇಲಿ ಹಾಕಿ ಕೂರುವುದಿಲ್ಲ. ಪಂಚರ ಎದುರು ಪಂಚನಾಮೆ ಬರೆದುಕೊಂಡು ಹೋಗುತ್ತದೆ, ನೀರು ಬರುವತನಕ ರೈತ ಬಿತ್ತುತ್ತಲೇ ಇರುತ್ತಾನೆ. 2020ರ ಮಾರ್ಚ್ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿದ್ದು: ಪಂಚನಾಮೆಯಾದರೆ ಕಬ್ಜಾ ಸರ್ಕಾರದ್ದಾಯಿತು, ಆಮೇಲೆ ಉಳುವವನು ಅತಿಕ್ರಮಣಕಾರ. ಅದೇ ತೀರ್ಪಿನಲ್ಲಿ ಇನ್ನೊಂದು ಪದದ ಕಥೆಯಿದೆ. 2013ರ ಕಾಯ್ದೆಯ 24ನೇ ಕಲಂ, ಹಳೆಯ ಐತೀರ್ಪಾಗಿ 5 ವರ್ಷ ಕಳೆದರೂ ಕಬ್ಜಾ ತೆಗೆದುಕೊಂಡಿಲ್ಲದಿದ್ದರೆ ‘ಅಥವಾ’ ಪರಿಹಾರ ಕೊಟ್ಟಿಲ್ಲದಿದ್ದರೆ ಸ್ವಾಧೀನ ರದ್ದು ಎನ್ನುತ್ತಿತ್ತು. ಆ ‘ಅಥವಾ’ವನ್ನು ‘ಮತ್ತು’ ಎಂದು ಓದಬೇಕೆಂದು ಪೀಠ ತೀರ್ಮಾನಿಸಿತು. ಎರಡರಲ್ಲಿ ಒಂದು ಆಗಿಲ್ಲದಿದ್ದರೆ ಸಾಕು ಎಂದು ಕಾದವರು, ಎರಡೂ ಆಗಿರಲಿಲ್ಲವೆಂದು ತೋರಿಸಬೇಕಾಯಿತು. ಪಂಚನಾಮೆಗೆ ಬಂದ ದಿನ ನಿಂತ ಬೆಳೆ, ಬಾವಿ, ಪೈಪ್‌ಲೈನು, ಗಿಡಮರ ಎಲ್ಲ ಅದರಲ್ಲಿ ಬಂತೇ ಎಂದು ಓದಿಸಿ, ಪ್ರತಿ ಕೇಳಿ ಇಟ್ಟುಕೊಳ್ಳುವುದು ಹಾಗಾಗಿ ಅಗತ್ಯ. ತಲಾಠಿ ಹೇಳಿದನೆಂದು ಖಾಲಿ ಹಾಳೆಗೆ ಸಹಿ ಹಾಕಬಾರದು.

ಬೆಲೆ ಮತ್ತು ತೆರಿಗೆ

‘ಮಾರುಕಟ್ಟೆ ಬೆಲೆ’ಯದೂ ಇದೇ ಹಾಡು. ಮುದ್ರಾಂಕಕ್ಕೆ ಅದು ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ. ಭೂಸ್ವಾಧೀನದಲ್ಲಿ 26ನೇ ಕಲಂ ಪ್ರಕಾರ, ಮಾರ್ಗಸೂಚಿ ದರ, ಹಿಂದಿನ 3 ವರ್ಷ ಸುತ್ತಮುತ್ತ ಆದ ಖರೀದಿಗಳಲ್ಲಿ ಹೆಚ್ಚಿನ ಬೆಲೆ ಬರೆದ ಅರ್ಧದಷ್ಟು ಪತ್ರಗಳ ಸರಾಸರಿ, ಒಪ್ಪಂದದ ದರ, ಈ ಮೂರರಲ್ಲಿ ಯಾವುದು ಹೆಚ್ಚೋ ಅದು. ಅದರ ಮೇಲೆ ನೂರಕ್ಕೆ ನೂರು ಸಾಂತ್ವನ ಧನ. ಊರಿನಲ್ಲಿ ಎಕರೆ 20 ಲಕ್ಷಕ್ಕೆ ಕೈ ಬದಲಾಗಿ, ಶುಲ್ಕ ಉಳಿಸಲು ಪತ್ರದಲ್ಲಿ 6 ಲಕ್ಷ ಬರೆಸಿದ್ದರೆ, ಸರಾಸರಿಗೆ ಹೋಗುವುದು ಆ 6 ಲಕ್ಷವೇ. ಉಳಿಸಿದವನು ಒಬ್ಬ, ಅನುಭವಿಸುವುದು ಇಡೀ ಊರು.

ಹಣ ಬಂದ ಮೇಲೆ ತೆರಿಗೆ. 2013ರ ಕಾಯ್ದೆಯ 96ನೇ ಕಲಂ, ಈ ಕಾಯ್ದೆಯಡಿಯ ಐತೀರ್ಪು ಅಥವಾ ಒಪ್ಪಂದದ ಪರಿಹಾರಕ್ಕೆ ಆದಾಯ ತೆರಿಗೆಯಿಲ್ಲ ಎನ್ನುತ್ತದೆ. ಖಾಸಗಿಯವರು ನೇರವಾಗಿ ಕೊಂಡದ್ದಕ್ಕೆ ಈ ರಿಯಾಯಿತಿಯಿಲ್ಲ. ನೇರ ತೆರಿಗೆ ಮಂಡಳಿಯ 2016ರ 36ನೇ ಸುತ್ತೋಲೆಯೂ ಅದನ್ನೇ ಖಚಿತಪಡಿಸಿತು. ಆದರೂ ಟಿಡಿಎಸ್ ಮುರಿದುಕೊಂಡಿದ್ದರೆ ರಿಟರ್ನ್ ಸಲ್ಲಿಸಿಯೇ ವಾಪಸ್ ಪಡೆಯಬೇಕು. ಹೆಚ್ಚುವರಿ ಪರಿಹಾರದ ಮೇಲಿನ ‘ಬಡ್ಡಿ’ ಮಾತ್ರ ಇನ್ನೂ ಕಗ್ಗಂಟು: 1894ರ ಹಳೆಯ ಕಾಯ್ದೆಯ 28ನೇ ಕಲಮಿನ ಬಡ್ಡಿ ಪರಿಹಾರದ್ದೇ ಭಾಗ, 34ನೇ ಕಲಮಿನದು ಬರೀ ಬಡ್ಡಿ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಬೇರ್ಪಡಿಸಿತು, ಆಮೇಲೆ ತೆರಿಗೆ ಕಾಯ್ದೆಯ ತಿದ್ದುಪಡಿ ಬಂತು, ತಕರಾರು ಮುಂದುವರಿದಿದೆ. ಹಳೆಯ ಮುಳುಗಡೆ ಪ್ರಕರಣಗಳ ಹಣ ಪಡೆಯುವವರು ಆದೇಶದಲ್ಲಿ ಬಡ್ಡಿ ಯಾವ ಕಲಮಿನದೆಂದು ಮೊದಲು ನೋಡಬೇಕು.

ಸ್ವಂತಕ್ಕೆ ಹೊಲ ಮಾರುವವರಿಗೆ ‘ಕೃಷಿ ಜಮೀನು’ ಎನ್ನುವುದು ದೂರದ ಲೆಕ್ಕ. ಉತಾರದಲ್ಲಿ ಬೆಳೆಯಿದ್ದು, ಕೃಷಿಯೇತರ ಬಳಕೆಗೆ ಪರಿವರ್ತನೆ ಅಂದರೆ ಎನ್‌ಎ ಆಗಿಲ್ಲದಿದ್ದರೂ ಸಾಲದು. ಜನಸಂಖ್ಯೆ 10 ಸಾವಿರ ದಾಟಿ 1 ಲಕ್ಷದೊಳಗಿರುವ ಜಮಖಂಡಿ, ಮುಧೋಳದಂಥ ಊರುಗಳ ನಗರಸಭೆ ಗಡಿಯಿಂದ 2 ಕಿಲೋಮೀಟರ್, 1 ಲಕ್ಷ ದಾಟಿದ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಗಡಿಯಿಂದ 6 ಕಿಲೋಮೀಟರ್ ಒಳಗಿದ್ದರೆ ತೆರಿಗೆಯ ದೃಷ್ಟಿಗೆ ಅದು ಪಟ್ಟಣದ ಆಸ್ತಿ. ಅಳೆಯುವುದು ರಸ್ತೆಯ ಮೇಲಲ್ಲ, ಕಾಗೆ ಹಾರುವ ನೇರಕ್ಕೆ. ಬಸ್ಸಿನಲ್ಲಿ 9 ಕಿಲೋಮೀಟರ್ ಆಗುವ ಹೊಲ ಈ ಲೆಕ್ಕದಲ್ಲಿ 5 ಆದೀತು.

‘ಕೃಷಿ’ಯೂ ಹಾಗೆಯೇ. ಭೂಸುಧಾರಣಾ ಕಾಯ್ದೆ ಹೈನುಗಾರಿಕೆ, ಕೋಳಿ ಸಾಕಣೆಗಳನ್ನು ಕೃಷಿಯೊಳಗೆ ಸೇರಿಸಿದೆ. ಆದಾಯ ತೆರಿಗೆಗೆ ಅವು ವ್ಯಾಪಾರ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಜಿಎಸ್‌ಟಿಯಲ್ಲಿ ಇಂಥದೇ ಗೊಂದಲವಿತ್ತು: ಒಣಗಿಸಿದ ದ್ರಾಕ್ಷಿ ಬೆಳೆಯೋ ಸರಕೋ? 2024ರ ಡಿಸೆಂಬರ್ 21ರ 55ನೇ ಸಭೆಯಲ್ಲಿ ಜಿಎಸ್‌ಟಿ ಮಂಡಳಿ, ಕೃಷಿಕನೇ ಮಾರಿದ ಒಣದ್ರಾಕ್ಷಿಗೆ ತೆರಿಗೆ ಬಾಧ್ಯತೆ ಇಲ್ಲ ಎಂದಿತು. ಇಲ್ಲಿ ‘ಕೃಷಿಕ’ ಎಂದರೆ ಸ್ವಂತ ದುಡಿಮೆಯಿಂದ, ಮನೆಯವರಿಂದ ಅಥವಾ ತನ್ನ ನಿಗಾದಲ್ಲಿ ಕೂಲಿಯವರಿಂದ ಸಾಗುವಳಿ ಮಾಡುವ ವ್ಯಕ್ತಿ ಅಥವಾ ಅವಿಭಕ್ತ ಕುಟುಂಬ. ರೈತರೇ ಸೇರಿ ಕಟ್ಟಿದ ಉತ್ಪಾದಕ ಕಂಪನಿ ಈ ಅರ್ಥದಲ್ಲಿ ಕೃಷಿಕ ಅಲ್ಲ. ಅದೇ ಶೆಡ್ಡಿನ ಅದೇ ಪೆಟ್ಟಿಗೆ, ಬಿಲ್ಲು ಯಾರ ಹೆಸರಿನಲ್ಲಿ ಹರಿಯುತ್ತದೆ ಎನ್ನುವುದರ ಮೇಲೆ ತೆರಿಗೆ.

ಕೊನೆಗೆ ಬ್ಯಾಂಕಿನ ಕೌಂಟರ್

ಪರಿಹಾರದ ಹಣ ಠೇವಣಿ ಇಟ್ಟು ಹಿರಿಮಗನನ್ನು ನಾಮಿನಿ ಮಾಡಿದರೆ ಹಣ ಅವನದೇ ಎಂದು ಬಹಳ ಮಂದಿ ನಂಬಿದ್ದಾರೆ. ಬ್ಯಾಂಕಿಗೆ ನಾಮಿನಿ ಎಂದರೆ ಯಾರ ಕೈಗೆ ಕೊಟ್ಟರೆ ತನ್ನ ಹೊಣೆ ತೀರುತ್ತದೋ ಅವನು. ಹಣದ ಒಡೆತನ ವಾರಸುದಾರರದು. ಹೆಂಡತಿ, ಹೆಣ್ಣುಮಕ್ಕಳು, ಗಂಡುಮಕ್ಕಳ ಜೊತೆ ಸತ್ತವನ ತಾಯಿಯೂ ಮೊದಲ ದರ್ಜೆಯ ವಾರಸುದಾರಳು ಎಂಬುದು ಮರೆತೇ ಹೋಗಿರುತ್ತದೆ. ಕಂಪನಿ ಷೇರುಗಳ ನಾಮಿನಿಯ ಬಗ್ಗೆಯೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿತು. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿ ತಂದೆತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾದರೆ ಅವರೇ ಫಲಾನುಭವಿಗಳು ಎಂದಿತು. ಅದರಿಂದಲೂ ಉತ್ತರಾಧಿಕಾರದ ಕಾನೂನು ಅಳಿಸಿಹೋಗುವುದಿಲ್ಲ, ವಾರಸುದಾರರು ಕೇಳಿದರೆ ನಾಮಿನಿ ಬಿಟ್ಟುಕೊಡಬೇಕು ಎಂದು ನಮ್ಮ ಹೈಕೋರ್ಟಿನ ಧಾರವಾಡ ಪೀಠ 2025ರಲ್ಲಿ ತೀರ್ಮಾನಿಸಿದೆ.

2025ರ ನವೆಂಬರ್ 1ರಿಂದ ಒಂದು ಠೇವಣಿಗೆ 4 ಮಂದಿಯ ತನಕ ನಾಮಿನಿ ಹಾಕಬಹುದು, ಒಬ್ಬೊಬ್ಬರಿಗೆ ನೂರಕ್ಕೆ ಇಷ್ಟು ಎಂದು ಪಾಲನ್ನೂ ಬರೆಯಬಹುದು. ಲಾಕರಿಗಾದರೆ ಒಬ್ಬರ ನಂತರ ಒಬ್ಬರು ಮಾತ್ರ. ಫಾರಂ ಬದಲಾಗಿದೆ, ನಾಮಿನಿ ಪದದ ಅರ್ಥ ಬದಲಾಗಿಲ್ಲ. ಹಣ ನಿಜಕ್ಕೂ ಒಬ್ಬರಿಗೇ ಸೇರಬೇಕೆಂದಿದ್ದರೆ ಇಬ್ಬರು ಸಾಕ್ಷಿಗಳ ಸಹಿಯ ಮೃತ್ಯುಪತ್ರ ಬೇಕು, ಅದೂ ತನ್ನ ಪಾಲಿನ ಮಟ್ಟಿಗೆ ಮಾತ್ರ ನಡೆಯುತ್ತದೆ. ನಾಮಿನಿಯೇ ಇಲ್ಲದೆ ಹೋದಾಗ ನಾಡಕಚೇರಿಯ ಜೀವಂತ ಸದಸ್ಯರ ದೃಢೀಕರಣ ಪತ್ರ ಹಿಡಿದು ಬ್ಯಾಂಕಿಗೆ ಹೋದರೆ, ಮೊತ್ತ ದೊಡ್ಡದಿದ್ದಾಗ ‘ಸಕ್ಸೆಷನ್ ಸರ್ಟಿಫಿಕೇಟ್ ತರ್ರಿ’ ಎಂದು ಮ್ಯಾನೇಜರ್ ತಿರುಗಿ ಕಳಿಸುವುದುಂಟು. ಮೊದಲನೆಯದು ಮನೆಯಲ್ಲಿ ಯಾರ್ಯಾರು ಇದ್ದಾರೆಂದು ಕಂದಾಯ ಇಲಾಖೆ ಹೇಳುವ ಪತ್ರ. ಎರಡನೆಯದು ಸತ್ತವನ ಹಣ ವಸೂಲಿ ಮಾಡಲು 1925ರ ಉತ್ತರಾಧಿಕಾರ ಕಾಯ್ದೆಯ 372ನೇ ಕಲಮಿನ ಅರ್ಜಿಯ ಮೇಲೆ ಸಿವಿಲ್ ಕೋರ್ಟ್ ಕೊಡುವ ಪತ್ರ. ಎರಡನ್ನೂ ಕನ್ನಡದಲ್ಲಿ ‘ವಾರಸಾ ಸರ್ಟಿಫಿಕೇಟು’ ಎಂದೇ ಕರೆಯುತ್ತಾರೆ.